ಮಗುವನ್ನು ಒಪ್ಪಿಸಿ ಎಂದು ಕೋರ್ಟು ಹೇಳಿದೆ, ಅವರು ಒಪ್ಪಿಸುತ್ತಿಲ್ಲ: ಮುಂದೇನು?

ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ಮಧ್ಯಾಹ್ನ ಮೂರಕ್ಕೆ ಮಗುವನ್ನು ಅಪ್ಪನ ಜೊತೆ ಕಳಿಸಬೇಕು ಎಂದು ಆದೇಶವಾಗಿದೆ. ಮೊದಲ ಸಲ ಮಗುವಿಗೆ ಜ್ವರ. ಎರಡನೇ ಸಲ ಅಜ್ಜಿಯ ಮನೆಯಲ್ಲಿ ಪೂಜೆ. ಮೂರನೇ ಸಲ ಫೋನೇ ಸ್ವಿಚ್ ಆಫ್. ಇನ್ನೊಂದು ಮನೆಯಲ್ಲಿ ಇದೇ ಕಥೆ ತಿರುವುಮುರುವು: ಬೇಸಿಗೆ ರಜೆಗೆಂದು ಮಗಳನ್ನು ಕರೆದೊಯ್ದ ಅಪ್ಪ, ಜೂನ್ ತಿಂಗಳಲ್ಲಿ ಶಾಲೆ ಶುರುವಾದರೂ ವಾಪಸು ತಂದು ಬಿಟ್ಟಿಲ್ಲ. ಆದೇಶದ ಪ್ರತಿ ಅಮ್ಮನ ಬೀರುವಿನಲ್ಲಿದೆ, ಮಗು ಮಾತ್ರ ಇಲ್ಲ.

ಕೋರ್ಟು ಹೇಳಿದ ಮೇಲೆ ಮಿಕ್ಕದ್ದನ್ನು ಕೋರ್ಟೇ ನೋಡಿಕೊಳ್ಳುತ್ತದೆ ಎಂದು ಬಹಳ ಜನ ನಂಬಿರುತ್ತಾರೆ. ಹಾಗಾಗುವುದಿಲ್ಲ. ಆದೇಶ ಪಾಲನೆಯಾಯಿತೋ ಇಲ್ಲವೋ ಎಂದು ನ್ಯಾಯಾಲಯ ತಾನಾಗಿ ವಿಚಾರಿಸುವುದಿಲ್ಲ. ಆಗಿಲ್ಲ ಎಂದು ನೀವು ಅರ್ಜಿ ಹಾಕಿ ತಿಳಿಸಬೇಕು. ಆ ಕೆಲಸಕ್ಕೆ ಕೋರ್ಟಿನ ಭಾಷೆಯಲ್ಲಿ ಅಮಲ್ಜಾರಿ ಎನ್ನುತ್ತಾರೆ, ವಕೀಲರ ಬಾಯಲ್ಲಿ ಅದು ಎಕ್ಸಿಕ್ಯೂಷನ್ ಅಥವಾ ಬರೀ ಇ.ಪಿ. ಆಗುತ್ತದೆ. ಆದೇಶ ಪಡೆಯುವುದು ಒಂದು ಕೆಲಸ, ಅದನ್ನು ಜಾರಿ ಮಾಡಿಸುವುದು ಮತ್ತೊಂದು ಕೆಲಸ. ಎರಡನೆಯದಕ್ಕೂ ತಯಾರಿ ಬೇಕು.

ನಿಮ್ಮ ಕೈಯಲ್ಲಿರುವುದು ಎಂಥ ಆದೇಶ?

ಮಗು ಯಾರ ಮನೆಯಲ್ಲಿ ಬೆಳೆಯಬೇಕು ಎಂದು ಹೇಳುವುದು ಸುಪರ್ದಿಯ ಆದೇಶ, ಅಂದರೆ ಕಸ್ಟಡಿ. ಇನ್ನೊಬ್ಬರು ಮಗುವನ್ನು ಯಾವಾಗ, ಎಲ್ಲಿ ನೋಡಬಹುದು ಎಂದು ಹೇಳುವುದು ಭೇಟಿಯ ಹಕ್ಕು, ಅಂದರೆ ವಿಸಿಟೇಷನ್. ಎರಡೂ ಆದೇಶಗಳೇ, ಎರಡನ್ನೂ ಜಾರಿ ಮಾಡಿಸಬಹುದು. "ಅದು ಬರೀ ನೋಡುವ ಹಕ್ಕು, ಕೊಟ್ಟರೆ ಕೊಟ್ಟರು" ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಆದೇಶ ಯಾವ ಕಾನೂನಿನಡಿ ಬಂದಿದೆ ಎಂಬುದನ್ನೂ ಮೊದಲ ಪುಟದಲ್ಲಿ ನೋಡಿಕೊಳ್ಳಿ. ವಿಚ್ಛೇದನದ ಪ್ರಕರಣದ ಜೊತೆಗೇ ಬಂದಿದ್ದರೆ ಸಾಮಾನ್ಯವಾಗಿ ಅದು 1955ರ ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ. ಮಗುವಿಗಾಗಿಯೇ ಪ್ರತ್ಯೇಕ ಅರ್ಜಿ ಹಾಕಿದ್ದರೆ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ, ಅಂದರೆ ಪಾಲಕರು ಮತ್ತು ಪಾಲಿತರ ಕಾಯ್ದೆ. ಇದು ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟರು ಕೊಟ್ಟ ತಾತ್ಕಾಲಿಕ ಸುಪರ್ದಿಯಾದರೆ ಅದೇ ಮ್ಯಾಜಿಸ್ಟ್ರೇಟರ ಬಳಿಗೆ ಹೋಗಬೇಕು.

ಇನ್ನೊಂದು ಕಾಗದವೂ ಬಹಳ ಮನೆಗಳಲ್ಲಿರುತ್ತದೆ. ಹಿರಿಯರ ಮುಂದೆ ಕೂತು ಛಾಪಾ ಕಾಗದದ ಮೇಲೆ ಬರೆದು ಸಹಿ ಹಾಕಿದ ಒಪ್ಪಂದ ಅದು. ಅದನ್ನು ಸಾಕ್ಷಿಯಾಗಿ ತೋರಿಸಬಹುದೇ ಹೊರತು ನೇರವಾಗಿ ಜಾರಿ ಮಾಡಿಸಲು ಬರುವುದಿಲ್ಲ. ಮಧ್ಯಸ್ಥಿಕೆ ಕೇಂದ್ರದಲ್ಲಿ, ಅಂದರೆ ಮೀಡಿಯೇಷನ್‌ನಲ್ಲಿ, ಆದ ರಾಜಿಯೂ ನ್ಯಾಯಾಧೀಶರು ಅದನ್ನು ದಾಖಲಿಸಿ ಆದೇಶ ಮಾಡಿದ ಮೇಲಷ್ಟೇ ಬಲ ಪಡೆಯುತ್ತದೆ. ಪರಸ್ಪರ ಒಪ್ಪಿಗೆಯ ವಿಚ್ಛೇದನ ಪಡೆದವರು ಡಿಕ್ರಿಯನ್ನು ಒಮ್ಮೆ ಓದಿ ನೋಡಲಿ. ಮಗುವಿನ ವಿಷಯದ ಷರತ್ತು ಅರ್ಜಿಯಲ್ಲಿ ಮಾತ್ರ ಇದೆಯೋ, ಡಿಕ್ರಿಯೊಳಗೂ ಸೇರಿದೆಯೋ?

ಆದೇಶದ ಒಕ್ಕಣೆಯೂ ಮುಖ್ಯ. "ಇಬ್ಬರಿಗೂ ಅನುಕೂಲವಾದ ಸಮಯದಲ್ಲಿ ತಂದೆ ಮಗುವನ್ನು ಭೇಟಿಯಾಗಬಹುದು" ಎಂಬ ಸಾಲು ಕೇಳಲು ಚೆನ್ನ, ಜಾರಿ ಮಾಡಲು ಅಸಾಧ್ಯ. ಯಾವ ದಿನ ತಪ್ಪಿದರು ಎಂದು ಹೇಳುವುದಾದರೂ ಹೇಗೆ? ಜಾರಿಯಾಗುವ ಸಾಲು ಹೀಗಿರುತ್ತದೆ: "ಪ್ರತಿ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ಮಧ್ಯಾಹ್ನ 3 ಗಂಟೆಗೆ ತಾಯಿ ಮಗುವನ್ನು ಇಂಥ ಜಾಗಕ್ಕೆ ಕರೆತರಬೇಕು. ತಂದೆ ಭಾನುವಾರ ಸಂಜೆ 6ಕ್ಕೆ ಅದೇ ಜಾಗದಲ್ಲಿ ಮರಳಿ ಒಪ್ಪಿಸಬೇಕು. ಮಗುವಿನ ಅನಾರೋಗ್ಯದಿಂದ ಭೇಟಿ ತಪ್ಪಿದರೆ ಅದರ ಮುಂದಿನ ಶನಿವಾರ ಅದನ್ನು ಸರಿದೂಗಿಸಬೇಕು." ದಸರಾ ರಜೆ, ಬೇಸಿಗೆ ರಜೆ, ಯುಗಾದಿ, ದೀಪಾವಳಿ ಹೇಗೆ ಎಂಬುದೂ ಬರೆದಿರಬೇಕು. ನಿಮ್ಮ ಆದೇಶ ಮೊದಲ ಬಗೆಯದಾಗಿದ್ದರೆ ಜಾರಿಗೆ ಓಡುವ ಮೊದಲು ಅದೇ ಕೋರ್ಟಿನಲ್ಲಿ ಸ್ಪಷ್ಟೀಕರಣ ಅಥವಾ ಮಾರ್ಪಾಡು ಕೇಳಿ. ಮಗುವಿನ ಕುರಿತ ಆದೇಶಗಳನ್ನು ಕಾಲಕಾಲಕ್ಕೆ ಬದಲಿಸಲು ಕಾನೂನಿನಲ್ಲೇ ಅವಕಾಶವಿದೆ.

ತಪ್ಪಿದ ಪ್ರತಿ ಭೇಟಿಗೂ ದಾಖಲೆ ಇರಲಿ

ಕೋರ್ಟು ನೋಡುವುದು ಉದ್ದೇಶಪೂರ್ವಕವಾಗಿ ತಪ್ಪಿದರೇ ಎಂಬುದನ್ನು. ಪಾಲಿಸಲು ಅವಕಾಶವಿತ್ತು, ಆದರೂ ಬೇಕೆಂದೇ ಪಾಲಿಸಲಿಲ್ಲ ಎಂದು ತೋರಿಸುವ ಹೊಣೆ ನಿಮ್ಮದು. ಇದಕ್ಕೆ ದೊಡ್ಡ ಸಾಕ್ಷಿಯೇನೂ ಬೇಡ, ಶಿಸ್ತು ಬೇಕು.

ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿ ನೀವು ಇರಲೇಬೇಕು. "ಹೇಗೂ ಕಳಿಸುವುದಿಲ್ಲ" ಎಂದು ಮನೆಯಲ್ಲೇ ಕೂತರೆ ತಪ್ಪಿದವರು ನೀವೇ ಆಗುತ್ತೀರಿ. ಅಲ್ಲಿಂದಲೇ ಒಂದು ಸಂದೇಶ ಕಳಿಸಿ: "ಇಂದು 14ನೇ ತಾರೀಖು, ಶನಿವಾರ. ಆದೇಶದಂತೆ 3 ಗಂಟೆಗೆ ಬಂದಿದ್ದೇನೆ. 3.45ರವರೆಗೆ ಕಾದೆ. ಮಗು ಬಂದಿಲ್ಲ. ಮುಂದಿನ ಭೇಟಿ 28ಕ್ಕೆ, ಅಂದು ಬರುತ್ತೇನೆ." ಇಷ್ಟೇ. ಬೈಗುಳ ಬೇಡ, ಹಳೆಯ ಜಗಳ ಬೇಡ, ಅತ್ತೆಯ ಹೆಸರು ಬೇಡ. ಈ ಸಂದೇಶವನ್ನು ಮುಂದೆ ನ್ಯಾಯಾಧೀಶರು ಓದುತ್ತಾರೆ ಎಂದುಕೊಂಡೇ ಬರೆಯಿರಿ. ಹತ್ತು ಜನ ನೆಂಟರನ್ನು ಕರೆದೊಯ್ದು ಬಾಗಿಲಲ್ಲಿ ನಿಂತರೆ ಮಗು ಹೆದರುತ್ತದೆ, ಎದುರಿನವರಿಗೆ ಒಂದು ನೆಪವೂ ಸಿಗುತ್ತದೆ. ಜೊತೆಗೆ ಒಬ್ಬರು ಸಾಕು.

ಮೊಬೈಲ್ ಸಂದೇಶವನ್ನು ಸಾಕ್ಷಿಯಾಗಿ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಲಿ. ಕೌಟುಂಬಿಕ ನ್ಯಾಯಾಲಯಕ್ಕೆ ಸಾಕ್ಷ್ಯದ ನಿಯಮಗಳನ್ನು ಸಡಿಲಿಸುವ ಅಧಿಕಾರವಿದೆ, ನಿಜ. ಆದರೂ ಪ್ರಮಾಣಪತ್ರವಿದ್ದರೆ ತಕರಾರಿಗೆ ಜಾಗವಿರುವುದಿಲ್ಲ.

ಮಾಡಬಾರದ ಎರಡು ಕೆಲಸಗಳನ್ನೂ ಇಲ್ಲೇ ಹೇಳಿಬಿಡುತ್ತೇನೆ. ಶಾಲೆಯ ಗೇಟಿನಿಂದ ಮಗುವನ್ನು ಎತ್ತಿಕೊಂಡು ಹೋಗಬೇಡಿ. ಅಲ್ಲಿಯವರೆಗೆ ನಿಮ್ಮ ಪರವಾಗಿದ್ದ ಪ್ರಕರಣ ಒಂದೇ ಮಧ್ಯಾಹ್ನದಲ್ಲಿ ತಿರುಗಿಬೀಳುತ್ತದೆ. ಹಾಗೆಯೇ "ಮಗು ತೋರಿಸುವವರೆಗೆ ಜೀವನಾಂಶ ಇಲ್ಲ" ಎಂದೂ ಹಟ ಹಿಡಿಯಬೇಡಿ. ಜೀವನಾಂಶ ಮಗುವಿನ ಅನ್ನ, ಭೇಟಿ ಮಗುವಿನ ಒಡನಾಟ. ಒಂದಕ್ಕೆ ಇನ್ನೊಂದನ್ನು ಒತ್ತೆಯಿಡಲು ಕಾನೂನು ಒಪ್ಪುವುದಿಲ್ಲ. ದುಡ್ಡು ಬಂದಿಲ್ಲವೆಂದು ಮಗುವನ್ನು ಬಚ್ಚಿಡುವ ತಾಯಿಗೂ ಈ ಮಾತು ಅಷ್ಟೇ ಸಲ್ಲುತ್ತದೆ. ಬಾಕಿ ಜೀವನಾಂಶಕ್ಕೆ ಬೇರೆ ಅಮಲ್ಜಾರಿ ಇದೆ.

ಅರ್ಜಿ ಎಲ್ಲಿಗೆ, ಹೇಗೆ?

ಆದೇಶ ಕೊಟ್ಟ ಕೋರ್ಟಿಗೇ. ಪ್ರಕರಣ ಇನ್ನೂ ನಡೆಯುತ್ತಿದ್ದು ಸಿಕ್ಕಿರುವುದು ಮಧ್ಯಂತರ ಆದೇಶವಾದರೆ, ಅದೇ ಪ್ರಕರಣದಲ್ಲಿ ಮಧ್ಯಂತರ ಅರ್ಜಿ ಹಾಕಬೇಕು. ಇದನ್ನು ಐ.ಎ. ಎನ್ನುತ್ತಾರೆ. ಪ್ರಕರಣ ಮುಗಿದು ಅಂತಿಮ ಆದೇಶ ಬಂದಿದ್ದರೆ ಅಮಲ್ಜಾರಿ ಅರ್ಜಿ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 18ನೇ ಕಲಂ ಪ್ರಕಾರ ಈ ಕೋರ್ಟಿನ ಆದೇಶಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬಲವಿದೆ. ಅದನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ ರೀತಿಯಲ್ಲೇ ಜಾರಿ ಮಾಡಬೇಕು.

ಅರ್ಜಿಯಲ್ಲಿ ಮೂಲ ಪ್ರಕರಣದ ಸಂಖ್ಯೆ, ಇಬ್ಬರ ಹೆಸರು ಮತ್ತು ವಿಳಾಸ, ಆದೇಶದ ತಾರೀಖು, ಅಪೀಲು ಆಗಿದೆಯೇ, ಹಿಂದೆ ಅಮಲ್ಜಾರಿ ಹಾಕಿದ್ದಿರೇ, ಈಗ ಕೋರ್ಟು ಏನು ಮಾಡಬೇಕು ಎಂಬ ವಿವರಗಳಿರಬೇಕು. ಆದೇಶದ ದೃಢೀಕೃತ ನಕಲು, ತಪ್ಪಿದ ದಿನಗಳ ಪಟ್ಟಿ ಮತ್ತು ನಿಮ್ಮ ಅಫಿಡವಿಟ್, ಅಂದರೆ ಪ್ರಮಾಣ ಮಾಡಿ ಕೊಡುವ ಲಿಖಿತ ಹೇಳಿಕೆ, ಲಗತ್ತಿಸಬೇಕು. ಪಟ್ಟಿ ಒಂದೇ ಪುಟದಲ್ಲಿ ಮುಗಿದರೆ ಒಳ್ಳೆಯದು. ತಾರೀಖು, ಏನಾಗಬೇಕಿತ್ತು, ಏನಾಯಿತು, ಯಾವ ಸಂದೇಶ. ನ್ಯಾಯಾಧೀಶರ ಮುಂದೆ ದಿನಕ್ಕೆ ಹತ್ತಾರು ಕಡತ ಬರುತ್ತವೆ, ಆ ಒಂದು ಪುಟವೇ ನಿಮ್ಮ ಪರವಾಗಿ ಮಾತಾಡುವುದು.

ನಂತರ ಎದುರಿನವರಿಗೆ ನೋಟಿಸ್ ಹೋಗುತ್ತದೆ. ಅವರು ಬಂದು ಉತ್ತರ ಕೊಡುತ್ತಾರೆ. ಇಲ್ಲಿ ಹೆಚ್ಚಾಗಿ ಕೇಳಿಬರುವ ಮಾತು "ನಾವು ಅಪೀಲು ಹಾಕಿದ್ದೇವೆ" ಎಂಬುದು. ಅಪೀಲು ಹಾಕಿದ ಮಾತ್ರಕ್ಕೆ ಆದೇಶ ನಿಲ್ಲುವುದಿಲ್ಲ. ಮೇಲಿನ ಕೋರ್ಟು ತಡೆಯಾಜ್ಞೆ ಕೊಟ್ಟಿದೆಯೇ? ಕೊಟ್ಟಿಲ್ಲವಾದರೆ ಆದೇಶ ಇವತ್ತಿಗೂ ಜೀವಂತ.

ಉತ್ತರ ಒಪ್ಪಿಗೆಯಾಗದಿದ್ದರೆ ನ್ಯಾಯಾಧೀಶರ ಕೈಯಲ್ಲಿ ಏನೇನಿದೆ? ಮಗುವನ್ನು ಇಂಥ ದಿನ ಕೋರ್ಟಿಗೆ ಹಾಜರುಪಡಿಸಿ ಎನ್ನಬಹುದು. 1890ರ ಕಾಯ್ದೆಯ 25ನೇ ಕಲಂ ಪ್ರಕಾರ ಮಗುವನ್ನು ಕರೆತರಲು ವಾರಂಟನ್ನೇ ಹೊರಡಿಸಬಹುದು. ಅದೇ ಕಾಯ್ದೆಯ 45ನೇ ಕಲಮಿನಲ್ಲಿ ದಂಡವೂ ಇದೆ: ಮೊದಲಿಗೆ ನೂರು ರೂಪಾಯಿವರೆಗೆ, ಆಮೇಲೂ ಹಟ ಮಾಡಿದರೆ ದಿನಕ್ಕೆ ಹತ್ತು ರೂಪಾಯಿ, ಒಟ್ಟು ಐನೂರು ಮೀರುವಂತಿಲ್ಲ. 1890ರಲ್ಲಿ ಅದು ದೊಡ್ಡ ಮೊತ್ತ, ಈಗ ನೂರು ರೂಪಾಯಿಗೆ ಒಳ್ಳೆಯ ಹೋಟೆಲಿನಲ್ಲಿ ಮಸಾಲೆ ದೋಸೆ ಸಿಕ್ಕರೆ ಪುಣ್ಯ. ಆದರೆ ಅದೇ ಕಲಮಿನ ಕೊನೆಯಲ್ಲಿ ಹಲ್ಲಿದೆ. ಮಗುವನ್ನು ಒಪ್ಪಿಸುತ್ತೇನೆ ಎಂದು ಮುಚ್ಚಳಿಕೆ ಕೊಡುವವರೆಗೂ ಸಿವಿಲ್ ಜೈಲಿನಲ್ಲಿ ಇಡಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 32ನೇ ನಿಯಮದಡಿ ಆಸ್ತಿ ಜಪ್ತಿಗೂ ಸಿವಿಲ್ ಬಂಧನಕ್ಕೂ ಅರ್ಜಿ ಹಾಕುವುದುಂಟು. ಮಗುವನ್ನು ಊರಿನಿಂದ ಹೊರಗೆ ಒಯ್ಯಬಾರದು ಎಂಬ ತಡೆಯಾಜ್ಞೆ ಮುರಿದಿದ್ದರೆ 39ನೇ ಆದೇಶದ 2ಎ ನಿಯಮದಡಿ ಮೂರು ತಿಂಗಳವರೆಗೆ ಸಿವಿಲ್ ಬಂಧನವಾಗಬಹುದು.

ಅಧಿಕಾರ ಇದೆ ಎಂದ ಮಾತ್ರಕ್ಕೆ ಮೊದಲ ದಿನವೇ ಜೈಲು ಎಂದುಕೊಳ್ಳಬೇಡಿ. ಮಗು ಯಾರ ಜೊತೆ ಮಲಗಿ ಏಳುತ್ತದೆಯೋ ಅವರನ್ನು ಜೈಲಿಗೆ ಕಳಿಸಲು ಯಾವ ನ್ಯಾಯಾಧೀಶರೂ ಹಿಂದೆಮುಂದೆ ನೋಡುತ್ತಾರೆ. ನೋಡಲೇಬೇಕು ಎನ್ನುವುದು ನನ್ನ ಅಭಿಪ್ರಾಯವೂ ಹೌದು. ಆದ್ದರಿಂದ ಕೇಳುವುದನ್ನು ಮೆಟ್ಟಿಲು ಮೆಟ್ಟಿಲಾಗಿ ಕೇಳಿ. ತಪ್ಪಿದ ಭೇಟಿಗಳಿಗೆ ಬದಲಿ ದಿನ ಕೊಡಿ. ಮನೆಬಾಗಿಲ ಬದಲು ಕೋರ್ಟಿನ ಮಕ್ಕಳ ಕೊಠಡಿಯಲ್ಲೋ ಆಪ್ತಸಮಾಲೋಚಕರ ಎದುರಿನಲ್ಲೋ ಮಗುವನ್ನು ಒಪ್ಪಿಸುವಂತೆ ಮಾಡಿ. ಬಂದುಹೋದ ಖರ್ಚು ಅವರೇ ಕೊಡಲಿ. ಇಷ್ಟಾದರೂ ಪಾಲಿಸದಿದ್ದರೆ ಬಂಧನ, ಜಪ್ತಿ. ಕೊನೆಯದಾಗಿ, ಸುಪರ್ದಿಯನ್ನೇ ಬದಲಿಸಿ. ಹೀಗೆ ಕೇಳಿದ ಅರ್ಜಿಗೆ ಮೊದಲ ವಾಯಿದೆಯಲ್ಲೇ ಏನಾದರೊಂದು ಸಿಗುವ ಸಾಧ್ಯತೆ ಹೆಚ್ಚು. ಅನುಭವಿ ವಕೀಲರೂ ಮಾಡುವುದು ಇದನ್ನೇ.

ದಿನನಿತ್ಯದ ಮಾತುಕತೆಯನ್ನೂ ಕೇಳಲು ಮರೆಯಬೇಡಿ. ಮಗು ಜೊತೆಗಿಲ್ಲದ ತಂದೆ ಅಥವಾ ತಾಯಿಗೆ ದಿನಾ ಐದು ಹತ್ತು ನಿಮಿಷವಾದರೂ ಮಗುವಿನ ಜೊತೆ ಮಾತಾಡುವ ಹಕ್ಕಿರಬೇಕು ಎಂದು ಸುಪ್ರೀಂ ಕೋರ್ಟು 2020ರ ಒಂದು ತೀರ್ಪಿನಲ್ಲಿ ಹೇಳಿದೆ. ವಿಡಿಯೊ ಕರೆಯ ಸಮಯ ಆದೇಶದಲ್ಲಿ ಸೇರಿದರೆ ಅದನ್ನೂ ಜಾರಿ ಮಾಡಿಸಬಹುದು.

ಎಷ್ಟು ಕಾಲ ಹಿಡಿಯುತ್ತದೆ? ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳೊಳಗೆ ಮುಗಿಸಬೇಕೆಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿದೆ. ಎಲ್ಲ ಕಡೆ ಹಾಗೆ ಮುಗಿಯುವುದಿಲ್ಲ, ವಾಯಿದೆ ಮೇಲೆ ವಾಯಿದೆ ಬೀಳುತ್ತದೆ. ಹಾಗಾಗಿ ಮುಖ್ಯ ಅರ್ಜಿಯ ಜೊತೆಗೇ "ಇದು ಮುಗಿಯುವವರೆಗೆ ಈ ಶನಿವಾರದಿಂದ ಭೇಟಿ ಇಂಥ ಜಾಗದಲ್ಲಿ ನಡೆಯಲಿ" ಎಂಬ ತುರ್ತು ಅರ್ಜಿಯನ್ನೂ ಹಾಕಿಸಿ.

"ಮಗುವೇ ಬರಲ್ಲ ಅನ್ನುತ್ತೆ"

ಈ ಉತ್ತರ ಎದುರಾಗದ ಪ್ರಕರಣ ಅಪರೂಪ. ಕೆಲವೊಮ್ಮೆ ಅದು ನಿಜ. ಕುಡಿತ, ಹೊಡೆತ ನೋಡಿದ ಮಗು ಹೆದರಿರುತ್ತದೆ. ಆಗ ಮಗುವನ್ನು ಇಟ್ಟುಕೊಂಡವರು ಮಾಡಬೇಕಾದದ್ದು ಬಾಗಿಲು ಹಾಕಿಕೊಳ್ಳುವುದಲ್ಲ, ತಾವೇ ಮೊದಲು ಕೋರ್ಟಿಗೆ ಹೋಗಿ ಆದೇಶ ಬದಲಿಸಿ ಎಂದು ಕೇಳುವುದು. ಬದಲಾಗುವವರೆಗೆ ಪಾಲಿಸಬೇಕು, ಅಪಾಯವಿದ್ದರೆ ಅದೇ ದಿನ ತುರ್ತು ಅರ್ಜಿ ಹಾಕಬೇಕು.

ಇನ್ನು ಕೆಲವೊಮ್ಮೆ ಮಗುವಿನ ಬಾಯಲ್ಲಿ ದೊಡ್ಡವರ ಮಾತು ಇರುತ್ತದೆ. ಆರು ವರ್ಷದ ಹುಡುಗ "ಅವರು ನಮ್ಮ ಮಾನ ಕಳೆದರು" ಎಂದರೆ ಅದು ಯಾರ ಮಾತು ಎಂದು ತಿಳಿಯಲು ಕಷ್ಟವಿಲ್ಲ. ಹೀಗೆ ಒಬ್ಬರು ಮಗುವಿನ ಮನಸ್ಸನ್ನು ಇನ್ನೊಬ್ಬರ ವಿರುದ್ಧ ತಿರುಗಿಸುವುದಕ್ಕೆ ಪೇರೆಂಟಲ್ ಏಲಿಯನೇಷನ್ ಎನ್ನುತ್ತಾರೆ. ಸುಪ್ರೀಂ ಕೋರ್ಟು 2017ರ ಒಂದು ತೀರ್ಪಿನಲ್ಲಿ ಇದನ್ನು ಹೆಸರಿಸಿಯೇ ಚರ್ಚಿಸಿದೆ. ನ್ಯಾಯಾಧೀಶರು ಮಗುವನ್ನು ತಮ್ಮ ಕೊಠಡಿಗೆ ಕರೆದು, ಅಪ್ಪ ಅಮ್ಮ ಇಬ್ಬರನ್ನೂ ಹೊರಗಿರಿಸಿ ಮಾತಾಡಿಸುತ್ತಾರೆ. ಆಪ್ತಸಮಾಲೋಚಕರಿಂದ ವರದಿ ತರಿಸುತ್ತಾರೆ. ವಿವೇಚಿಸುವಷ್ಟು ದೊಡ್ಡ ಮಗುವಿನ ಇಚ್ಛೆಯನ್ನು ಪರಿಗಣಿಸಲು ಕಾನೂನು ಹೇಳುತ್ತದೆ, ಆದರೆ ಕೊನೆಯ ಅಳತೆ ಮಗುವಿನ ಹಿತವೇ. ವರ್ಷಗಟ್ಟಲೆ ಭೇಟಿ ತಪ್ಪಿಸಿ, ಆಮೇಲೆ "ಮಗುವಿಗೆ ಅವರ ಗುರುತೇ ಇಲ್ಲ" ಎಂದು ಹೇಳುವ ದಾರಿ ತೆರೆದುಕೊಳ್ಳಬಾರದು ಎಂಬ ಕಾರಣಕ್ಕೇ ನೀವು ತಡಮಾಡದೆ ಅರ್ಜಿ ಹಾಕಬೇಕು. ಮೂರನೇ ಭೇಟಿ ತಪ್ಪಿದಾಗ ಹಾಕಿದ ಅರ್ಜಿಗೂ ಮೂವತ್ತನೆಯದು ತಪ್ಪಿದಾಗ ಹಾಕಿದ ಅರ್ಜಿಗೂ ಬಹಳ ವ್ಯತ್ಯಾಸವಿದೆ.

ಪೊಲೀಸ್, ಹೈಕೋರ್ಟ್

ಠಾಣೆಗೆ ಹೋದರೆ "ಇದು ಸಿವಿಲ್ ವಿಷಯ, ಕೋರ್ಟಿಗೆ ಹೋಗಿ" ಎನ್ನುವುದು ಸಾಮಾನ್ಯ. ತಂದೆ ತಾಯಿ ಇಬ್ಬರೂ ಸಹಜ ಪಾಲಕರಾದ್ದರಿಂದ ಅಪಹರಣದ ಪ್ರಕರಣ ದಾಖಲಿಸಲು ಪೊಲೀಸರು ಹಿಂಜರಿಯುತ್ತಾರೆ. ಮಗು ಎಲ್ಲಿದೆ ಎಂದೇ ಗೊತ್ತಿಲ್ಲ, ಅಥವಾ ಅಪಾಯದಲ್ಲಿದೆ ಎಂದಾದರೆ ಮಾತು ಬೇರೆ. ಆಗ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, 112ಕ್ಕೂ ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಿ. ಉಳಿದಂತೆ, ಕೋರ್ಟಿನಿಂದಲೇ ಪೊಲೀಸ್ ನೆರವಿನ ಆದೇಶ ಪಡೆದು ಠಾಣೆಗೆ ಹೋದರೆ ಮರ್ಯಾದೆಯೂ ಸಿಗುತ್ತದೆ, ಕೆಲಸವೂ ಆಗುತ್ತದೆ.

ಹೈಕೋರ್ಟಿನಲ್ಲಿ ಎರಡು ದಾರಿಗಳಿವೆ. ಒಂದು ನ್ಯಾಯಾಂಗ ನಿಂದನೆ, ಅಂದರೆ ಕಂಟೆಂಪ್ಟ್. 1971ರ ಕಾಯ್ದೆಯಡಿ ಬೇಕೆಂದೇ ಆದೇಶ ಮುರಿದವರಿಗೆ ಆರು ತಿಂಗಳವರೆಗೆ ಸಾದಾ ಸಜೆ, ಎರಡು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದೇಶ ಮುರಿದ ದಿನದಿಂದ ಒಂದು ವರ್ಷದೊಳಗೆ ಹೋಗಬೇಕು. ಅಮಲ್ಜಾರಿಯ ದಾರಿ ಬಿಟ್ಟು ನೇರ ಇಲ್ಲಿಗೆ ಬಂದವರನ್ನು ಹೈಕೋರ್ಟು ಹಿಂದಕ್ಕೆ ಕಳಿಸುವುದುಂಟು. ಎರಡನೆಯದು ಹೇಬಿಯಸ್ ಕಾರ್ಪಸ್, ಅಂದರೆ ವ್ಯಕ್ತಿಯನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಎಂದು ಕೇಳುವ ಅರ್ಜಿ. ಮಗುವನ್ನು ಕಾನೂನಿನ ಆಧಾರವಿಲ್ಲದೆ ಇಟ್ಟುಕೊಂಡಿದ್ದಾರೆ ಎಂದಾದಾಗ ಇದು ನಡೆಯುತ್ತದೆ ಎಂದು ಸುಪ್ರೀಂ ಕೋರ್ಟು 2019ರಲ್ಲಿ ಸ್ಪಷ್ಟಪಡಿಸಿದೆ. ಸುಪರ್ದಿ ನಿಮ್ಮದೆಂಬ ಆದೇಶವಿದ್ದೂ ಮಗುವನ್ನು ಮರೆಮಾಡಿದ್ದರೆ ಇದೇ ಚುರುಕಾದ ದಾರಿ. ಒಂದು ಭೇಟಿ ತಪ್ಪಿದ್ದಕ್ಕೆ ಇದು ಅಲ್ಲ. ಬೆಂಗಳೂರಿನಲ್ಲಷ್ಟೇ ಅಲ್ಲ, ಧಾರವಾಡ ಮತ್ತು ಕಲಬುರಗಿ ಪೀಠಗಳಲ್ಲೂ ಹೈಕೋರ್ಟು ಕೂರುತ್ತದೆ.

ಗಡಿ ದಾಟಿದ ಮಗು

ಬೆಂಗಳೂರಿನ ಆದೇಶವಿದೆ, ಮಗು ಹೊಸೂರಿನಲ್ಲಿದೆ. ಬಸ್ಸಿಗೆ ಒಂದೆರಡು ಗಂಟೆಯ ದಾರಿ, ಆದರೆ ರಾಜ್ಯ ಬೇರೆ. ಹೊಸದಾಗಿ ಪ್ರಕರಣ ಹೂಡಬೇಕಿಲ್ಲ. ಆದೇಶವನ್ನು ಆ ಊರಿನ ಕೋರ್ಟಿಗೆ ಅಮಲ್ಜಾರಿಗಾಗಿ ವರ್ಗಾಯಿಸಿ ಎಂದು ಇಲ್ಲಿಯ ಕೋರ್ಟನ್ನು ಕೇಳಿದರೆ ಸಾಕು.

ದೇಶದ ಗಡಿ ದಾಟಿದರೆ ಮಾತ್ರ ಕಷ್ಟ. ಮಕ್ಕಳನ್ನು ಒಂದು ದೇಶದಿಂದ ಇನ್ನೊಂದಕ್ಕೆ ಒಯ್ದಾಗ ಬೇಗ ಮರಳಿಸಲು ಇರುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಅಮೆರಿಕದ ಕೋರ್ಟಿನ ಕಸ್ಟಡಿ ಆದೇಶವನ್ನು ಮೈಸೂರಿನಲ್ಲಿ ನೇರವಾಗಿ ಜಾರಿ ಮಾಡಿಸಲು ಬರುವುದಿಲ್ಲ. ಇಲ್ಲಿಯ ಹೈಕೋರ್ಟು ಅದನ್ನು ಒಂದು ಅಂಶವಾಗಿ ನೋಡುತ್ತದೆ, ತೀರ್ಮಾನ ಮಾತ್ರ ಮಗುವಿನ ಹಿತದ ಮೇಲೆ. ಇಲ್ಲಿಂದ ಹೊರಗೆ ಒಯ್ಯುವ ಭಯವಿದ್ದರೆ ಮುಂಚಿತವಾಗಿಯೇ ಮಗುವಿನ ಪಾಸ್‌ಪೋರ್ಟನ್ನು ಕೋರ್ಟಿನಲ್ಲಿ ಇರಿಸಲು, ಅನುಮತಿಯಿಲ್ಲದೆ ದೇಶ ಬಿಡದಂತೆ ತಡೆಯಲು ಆದೇಶ ಕೇಳಿ. ಅದರ ಪ್ರತಿಯನ್ನು ಪಾಸ್‌ಪೋರ್ಟ್ ಕಚೇರಿಗೂ ಕೊಡಿ. ಬೆಂಗಳೂರಿನಲ್ಲಿ ಅದು ಕೋರಮಂಗಲದಲ್ಲಿದೆ.

ಖರ್ಚು ಮತ್ತು ನೆರವು

ಅಮಲ್ಜಾರಿ ಅರ್ಜಿಯ ಕೋರ್ಟ್ ಶುಲ್ಕ, ನೋಟಿಸ್ ಕಳಿಸುವ ಪ್ರೋಸೆಸ್ ಶುಲ್ಕ, ನಕಲಿನ ಶುಲ್ಕ ಇವೆಲ್ಲ ಸಣ್ಣ ಮೊತ್ತ. ದುಡ್ಡು ಹೋಗುವುದು ವಕೀಲರ ಫೀಸಿಗೆ. ಅದನ್ನು ವಾಯಿದೆಗೆ ಇಷ್ಟು ಎಂದು ಮಾತಾಡಿಕೊಳ್ಳುವ ಬದಲು ಅರ್ಜಿ ಮುಗಿಯುವವರೆಗೆ ಇಷ್ಟು ಎಂದು ಮೊದಲೇ ಬರೆಸಿಕೊಳ್ಳುವುದು ಕ್ಷೇಮ. ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲರಿಲ್ಲದೆ ನೀವೇ ಮಾತಾಡಬಹುದು. ವಕೀಲರನ್ನು ಇಟ್ಟುಕೊಳ್ಳಲು ಕೋರ್ಟಿನ ಅನುಮತಿ ಬೇಕು ಎಂಬುದು ಅಲ್ಲಿನ ನಿಯಮ, ಸಾಮಾನ್ಯವಾಗಿ ಅದು ಸಿಗುತ್ತದೆ.

ಉಚಿತ ಕಾನೂನು ನೆರವಿಗೆ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲ, ಸಂಬಳ ಎಷ್ಟಿದ್ದರೂ ಕೇಳಬಹುದು. ಪರಿಶಿಷ್ಟ ಜಾತಿ, ಪಂಗಡದವರಿಗೂ ಹಾಗೆಯೇ. ಉಳಿದ ಬಹುತೇಕ ಗಂಡಸರಿಗೆ ವಾರ್ಷಿಕ ಆದಾಯದ ಮಿತಿ ಇದೆ. ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ತಾಲ್ಲೂಕು ಕೋರ್ಟಿನಲ್ಲಿ ತಾಲ್ಲೂಕು ಸಮಿತಿ ಇರುತ್ತದೆ. ಬೆಂಗಳೂರಿನವರಾದರೆ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲಕ್ಕೆ ಹೋಗಿ. ರಾಜ್ಯ ಪ್ರಾಧಿಕಾರ, ಕೌಟುಂಬಿಕ ನ್ಯಾಯಾಲಯ, ಮಧ್ಯಸ್ಥಿಕೆ ಕೇಂದ್ರ ಎಲ್ಲವೂ ಅಲ್ಲೇ ಇವೆ. ಹೋಗುವ ಮೊದಲು ವಿಚಾರಿಸಲು ಸಹಾಯವಾಣಿ 15100.

ಆದೇಶದ ಪ್ರತಿ ಕಳೆದುಹೋಗಿದ್ದರೆ ಗಾಬರಿ ಬೇಡ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಪ್ರಕರಣದ 16 ಅಕ್ಷರ-ಅಂಕಿಗಳ ಸಿ.ಎನ್.ಆರ್. ಸಂಖ್ಯೆ ಹಾಕಿದರೆ ಮುಂದಿನ ವಾಯಿದೆ ಯಾವಾಗ ಎಂಬುದು ಉಚಿತವಾಗಿ ಸಿಗುತ್ತದೆ, ಎಷ್ಟೋ ಸಲ ಆದೇಶವೂ ಸಿಗುತ್ತದೆ. ಆದರೆ ಅಮಲ್ಜಾರಿಗೆ ಆ ಮುದ್ರಿತ ಪ್ರತಿ ಸಾಲದು. ನಕಲು ವಿಭಾಗದಲ್ಲಿ ಅರ್ಜಿ ಕೊಟ್ಟು ಮೊಹರಿನ ಪ್ರತಿ ತೆಗೆಸಿ, ಒಂದಲ್ಲ ಎರಡು. ಒಂದು ಅರ್ಜಿಯ ಜೊತೆ ಹೋಗುತ್ತದೆ, ಇನ್ನೊಂದು ಮಗುವಿನ ಶಾಲೆಯ ಕಚೇರಿಯಲ್ಲಿರಲಿ. ಯಾವ ದಿನ ಯಾರ ಜೊತೆ ಮಗುವನ್ನು ಕಳಿಸಬೇಕು ಎಂದು ಅವರಿಗೂ ತಿಳಿದಿರುತ್ತದೆ.